ಮೊದಲು ಬೆಲೆ, ಆಮೇಲೆ ಫೋನ್ ನಂಬರ್

ಭಾರತದಲ್ಲಿ ಕಾರು ಮಾರುವ ದೊಡ್ಡ ಕಂಪನಿಗಳ ಜಾಲತಾಣ ತೆರೆದರೆ ಕಣ್ಣಿಗೆ ಹಬ್ಬ. ಕಾರು ತನ್ನಷ್ಟಕ್ಕೆ ತಾನೇ ತಿರುಗುತ್ತದೆ, ಬೆರಳು ತಾಗಿದರೆ ಬಣ್ಣ ಬದಲಾಗುತ್ತದೆ, ಸನ್‌ರೂಫ್ ತೆರೆದುಕೊಳ್ಳುತ್ತದೆ, ಹಿಂದಿನ ಸೀಟಿನಲ್ಲಿ ಕೂತು ಸುತ್ತ ನೋಡಿದಂತೆ ಒಳಾಂಗಣ ಸುತ್ತುತ್ತದೆ. ಇಷ್ಟು ಧಾರಾಳವಾಗಿದ್ದ ತಾಣ 'ಆನ್‌ರೋಡ್ ಬೆಲೆ' ಎಂಬ ಗುಂಡಿ ಒತ್ತಿದ ಕೂಡಲೇ ಮುಷ್ಟಿ ಬಿಗಿಹಿಡಿಯುತ್ತದೆ. ಹೆಸರು ಕೊಡಿ, ಮೊಬೈಲ್ ನಂಬರ್ ಕೊಡಿ, ಪಿನ್‌ಕೋಡ್ ಹಾಕಿ, ಹತ್ತಿರದ ಡೀಲರನ್ನು ಆರಿಸಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಒಪ್ಪಿಗೆ: ನನ್ನ ನಂಬರ್ ಜಾಹೀರಾತು ಕರೆ ಬೇಡವೆನ್ನುವ ಡಿಎನ್‌ಡಿ ಪಟ್ಟಿಯಲ್ಲಿದ್ದರೂ ಕಂಪನಿ, ಅದರ ಡೀಲರುಗಳು ಮತ್ತು ಪಾಲುದಾರರು ನನಗೆ ಕರೆ ಮಾಡಬಹುದು, ಎಸ್‌ಎಂಎಸ್ ಕಳಿಸಬಹುದು, ವಾಟ್ಸ್‌ಆ್ಯಪಿನಲ್ಲಿ ಸಂಪರ್ಕಿಸಬಹುದು. ಆಮೇಲೆ ಒಟಿಪಿ. ಅದನ್ನೂ ಹಾಕಿದ ಮೇಲೆ ಕೆಲವು ತಾಣಗಳು ಒಂದು ಮೊತ್ತ ತೋರಿಸುತ್ತವೆ. ಕೆಲವು 'ಧನ್ಯವಾದ, ನಮ್ಮ ಪ್ರತಿನಿಧಿ ಸದ್ಯದಲ್ಲೇ ನಿಮ್ಮನ್ನು ಸಂಪರ್ಕಿಸುತ್ತಾರೆ' ಎಂದು ಹೇಳಿ ಸುಮ್ಮನಾಗುತ್ತವೆ. ದರ್ಶಿನಿಯಲ್ಲಿ ಇಡ್ಲಿಯ ದರ ಗೋಡೆಯ ಮೇಲೇ ಬರೆದಿರುತ್ತದೆ, ಹತ್ತು ಲಕ್ಷದ ಕಾರಿನ ದರ ಕೇಳಲು ಒಟಿಪಿ ಬೇಕು. ಕಾರು ಕಂಪನಿಗಳು ತಮ್ಮ ತಾಣದಲ್ಲಿ ಗ್ರಾಹಕರ ಅನುಭವ ಸುಧಾರಿಸಬೇಕೆಂದು ಸಭೆ ಸೇರಿದಾಗಲೆಲ್ಲ ಹೊಸ ಬಣ್ಣ, ಹೊಸ ಚಾಟ್‌ಬಾಟ್, ಇನ್ನಷ್ಟು ನುಣುಪಾದ ಚಿತ್ರಗಳ ಮಾತು ಬರುತ್ತದೆ. ನನ್ನ ವಾದ ಅದಕ್ಕಿಂತ ಸರಳ. ತಾಣದ ಕ್ರಮವನ್ನು ತಿರುಗಿಸಬೇಕು. ಕೊಳ್ಳುವವನ ಜೇಬಿನಿಂದ ನಿಜವಾಗಿ ಹೋಗುವ ಪೂರ್ತಿ ಮೊತ್ತ, ಬಾಬ್ತುವಾರು, ಯಾರ ನಂಬರನ್ನೂ ಕೇಳದೆ ಮೊದಲ ಪುಟದಲ್ಲೇ ಇರಬೇಕು. ಉಳಿದ ಸುಧಾರಣೆಗಳು ಇದರ ಹಿಂದೆ ಬರಲಿ.

ಈಗಿನ ಕ್ರಮ ಯಾಕೆ ಹೀಗಿದೆ ಎಂಬುದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕಂಪನಿಯ ಡಿಜಿಟಲ್ ವಿಭಾಗ ಕಾರು ಮಾರುವುದಿಲ್ಲ; ಅದು 'ಲೀಡ್' ತಯಾರಿಸುತ್ತದೆ. ಒಂದು ಹೆಸರು, ಒಂದು ನಂಬರ್, ಒಂದು ಊರು ಸೇರಿದರೆ ಒಂದು ಲೀಡ್. ಜಾಹೀರಾತಿಗೆ ಖರ್ಚಾದ ಹಣವನ್ನು ಲೀಡುಗಳಿಂದ ಭಾಗಿಸಿ, ಒಂದು ಲೀಡಿಗೆ ಎಷ್ಟು ಬಿತ್ತು ಎಂದು ತಿಂಗಳ ಕೊನೆಗೆ ಲೆಕ್ಕ ಒಪ್ಪಿಸುತ್ತಾರೆ. ಪಿನ್‌ಕೋಡ್ ನೋಡಿ ಆ ನಂಬರ್ ಯಾವುದೋ ಡೀಲರ್‌ಶಿಪ್ಪಿಗೆ ಹೋಗುತ್ತದೆ, ಅಲ್ಲಿನ ಟೆಲಿಕಾಲರ್ ಕೆಲವೇ ನಿಮಿಷಗಳಲ್ಲಿ ಕರೆ ಮಾಡಬೇಕೆಂಬ ಒತ್ತಡವಿರುತ್ತದೆ. ಅಳತೆಗೋಲು ಹೀಗಿರುವಾಗ ತಾಣ ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವೇ ಇಲ್ಲ. ಬೆಲೆ ತಿಳಿದುಕೊಂಡು ನೆಮ್ಮದಿಯಿಂದ ಪುಟ ಮುಚ್ಚಿ, ಭಾನುವಾರ ಮನೆಮಂದಿಯೊಡನೆ ಶೋರೂಂಗೆ ಹೋದ ಗ್ರಾಹಕ ಈ ಲೆಕ್ಕದಲ್ಲಿ ನಷ್ಟ. ಬೆಲೆಯ ಕುತೂಹಲಕ್ಕೆ ನಂಬರ್ ಕೊಟ್ಟು, ಮೂರು ದಿನ ಕರೆ ಎತ್ತದೆ ಕೂತವನು ಲಾಭ.

ಎಕ್ಸ್ ಶೋರೂಂ ಬೆಲೆ ಹಾಕಿದ್ದೇವಲ್ಲ, ಸಾಲದೇ ಎಂದು ಕಂಪನಿಗಳು ಕೇಳಬಹುದು. ಕರ್ನಾಟಕದಲ್ಲಂತೂ ಸಾಲದು. ದೇಶದಲ್ಲೇ ಅತಿ ಹೆಚ್ಚು ವಾಹನ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಇಲ್ಲಿನ ಜೀವಾವಧಿ ತೆರಿಗೆ ಐದು ಲಕ್ಷದವರೆಗೆ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತರಿಂದ ಇಪ್ಪತ್ತರವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಇದು ಆದಾಯ ತೆರಿಗೆಯಂತೆ ಹಂತಹಂತವಾಗಿ ಏರುವುದಿಲ್ಲ. ಗೆರೆ ದಾಟಿದರೆ ಇಡೀ ಬೆಲೆಗೆ ಹೊಸ ದರ ಬೀಳುತ್ತದೆ. ಒಂದೇ ಮಾದರಿಯ ಎರಡು ವೇರಿಯಂಟುಗಳನ್ನು ಎದುರಿಗಿಟ್ಟುಕೊಂಡು ನೋಡಿ. ಒಂದರ ಎಕ್ಸ್ ಶೋರೂಂ ಬೆಲೆ 9,95,000 ರೂಪಾಯಿ, ಇನ್ನೊಂದರದು 10,05,000. ತಾಣದ ಪ್ರಕಾರ ಅಂತರ ಹತ್ತು ಸಾವಿರ. ದೊಡ್ಡ ಪರದೆ, ಹಿಂಬದಿ ಕ್ಯಾಮೆರಾ ಸಿಗುತ್ತದೆಂದರೆ ಯಾರಾದರೂ ಮೇಲಿನದನ್ನೇ ಆರಿಸುತ್ತಾರೆ. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಅದನ್ನು ನೋಂದಣಿ ಮಾಡಿಸುವಾಗ ಮೊದಲನೆಯದಕ್ಕೆ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 1,54,600, ಎರಡನೆಯದಕ್ಕೆ ಸುಮಾರು 1,89,600. ತೆರಿಗೆಯಲ್ಲೇ ಮೂವತ್ತೈದು ಸಾವಿರದ ಏರಿಕೆ. ಹತ್ತು ಲಕ್ಷ ದಾಟಿದ್ದಕ್ಕೆ ಮೂಲದಲ್ಲೇ ವಸೂಲಾಗುವ ಶೇ 1 ತೆರಿಗೆ, ಅಂದರೆ ಟಿಸಿಎಸ್, ಇನ್ನೊಂದು ಹತ್ತು ಸಾವಿರ ಸೇರುತ್ತದೆ. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಡೆಲಿವರಿಯ ಹೊತ್ತಿಗೆ ಕೈಯಿಂದ ಕೊಡಲೇಬೇಕು. ಹತ್ತು ಸಾವಿರದ ಪರದೆ ಐವತ್ತೈದು ಸಾವಿರದ ಪರದೆಯಾಗುತ್ತದೆ. ಈ ಸಂಗತಿ ಶೋರೂಮಿನ ಸೇಲ್ಸ್ ಹುಡುಗನಿಗೆ ಗೊತ್ತು, ಆರ್‌ಟಿಒ ಏಜೆಂಟನಿಗೆ ಗೊತ್ತು; ತಾಣ ನೋಡಿ ಮನಸ್ಸು ಮಾಡಿದ ಗ್ರಾಹಕನಿಗೆ ಮಾತ್ರ ಬುಕಿಂಗ್ ಹಣ ಕಟ್ಟಿದ ಮೇಲೆ ಗೊತ್ತಾಗುತ್ತದೆ.

ಇದರ ಇನ್ನೊಂದು ಮಗ್ಗುಲು 2025ರ ಸೆಪ್ಟೆಂಬರಿನಲ್ಲೂ ಕಂಡಿತು. ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಶೇ 28 ಜಿಎಸ್‌ಟಿ ಮತ್ತು ಶೇ 1 ಸೆಸ್ ಹೋಗಿ ಶೇ 18 ಬಂತು. ಜಿಎಸ್‌ಟಿ ಮಂಡಳಿ ತೀರ್ಮಾನಿಸಿದ್ದು 3ರಂದು, ಜಾರಿಗೆ ಬಂದದ್ದು 22ರಂದು. ಆ ನಡುವೆಯೇ ಕಂಪನಿಗಳು ಯಾವ ಮಾದರಿಗೆ ಎಷ್ಟು ಇಳಿಕೆ ಎಂಬ ಪಟ್ಟಿಯನ್ನು ಸಂಭ್ರಮದಿಂದ ಪ್ರಕಟಿಸಿದವು. 10,60,000ದ ಕಾರು ಸುಮಾರು 9,70,000ಕ್ಕೆ ಇಳಿದಾಗ ಉಳಿತಾಯ ತೊಂಬತ್ತು ಸಾವಿರ ಎಂದು ಜಾಹೀರಾತು ಹೇಳಿತು. ಕರ್ನಾಟಕದ ಗ್ರಾಹಕನ ನಿಜವಾದ ಉಳಿತಾಯ ಅದಕ್ಕಿಂತ ಹೆಚ್ಚಾಗಿತ್ತು. ಆ ಕಾರು ಹತ್ತು ಲಕ್ಷದ ಗೆರೆಯ ಕೆಳಗೆ ಬಂದದ್ದರಿಂದ ಜೀವಾವಧಿ ತೆರಿಗೆಯಲ್ಲೂ ಹತ್ತಿರಹತ್ತಿರ ಐವತ್ತು ಸಾವಿರ ಕಡಿಮೆಯಾಗಿತ್ತು. ತನ್ನ ಅನುಕೂಲಕ್ಕೇ ಇದ್ದ ಇಂಥ ಸಂಗತಿಯನ್ನೂ ಹೇಳಲು ಬಾರದ ತಾಣ ಯಾರ ಉಪಯೋಗಕ್ಕೆ? ತೆರಿಗೆ ದರಗಳು ಪದೇಪದೇ ಬದಲಾಗುತ್ತವೆ, ತಾಣದಲ್ಲಿ ಹಾಕಿ ತಪ್ಪಾದರೆ ಜವಾಬ್ದಾರಿ ಯಾರದು ಎಂಬ ಆಕ್ಷೇಪಕ್ಕೂ ಆ ಸೆಪ್ಟೆಂಬರೇ ಉತ್ತರ. ದೇಶದ ಎಲ್ಲ ಮಾದರಿಗಳ ಬೆಲೆಯನ್ನು ಮೂರು ವಾರದೊಳಗೆ ಬದಲಿಸಿ ಹಾಕಲು ಬಂದವರಿಗೆ ರಾಜ್ಯವೊಂದರ ತೆರಿಗೆ ಪಟ್ಟಿ ಭಾರವಾಗಬಾರದು. ಕೇಂದ್ರದ ವಾಹನ್ ಪೋರ್ಟಲಿನಲ್ಲಿ ತೆರಿಗೆ ಎಷ್ಟೆಂದು ಲೆಕ್ಕ ಹಾಕಿ ನೋಡುವ ವ್ಯವಸ್ಥೆಯೇ ಇದೆ.

ತೆರಿಗೆಯದಾದರೂ ಕಾನೂನಿನ ಲೆಕ್ಕ. ಆನ್‌ರೋಡ್ ಕೊಟೇಶನ್ನಿನ ಉಳಿದ ಸಾಲುಗಳಲ್ಲಿ ಯಾವುದು ಕಡ್ಡಾಯ, ಯಾವುದು ಐಚ್ಛಿಕ, ಯಾವುದು ಇರಲೇಬಾರದ್ದು ಎಂದು ಬಿಡಿಸಿ ಹೇಳುವವರು ಯಾರೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ; ಸುಪ್ರೀಂ ಕೋರ್ಟಿನ ಆದೇಶದಿಂದ ಬಂದದ್ದು. ಕಾರಿನ ಸ್ವಂತ ಹಾನಿಯ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾರುವ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಆಗಸ್ಟಿನಿಂದ ಕೈಬಿಟ್ಟಿತು. ಈ ಎರಡನ್ನೂ ಶೋರೂಂ ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ. ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸೆಸರೀಸ್ ಕಿಟ್, ಪೇಂಟ್ ಕೋಟಿಂಗ್ ಪೂರ್ತಿ ಐಚ್ಛಿಕ. 'ಹ್ಯಾಂಡ್ಲಿಂಗ್ ಚಾರ್ಜ್' ಎಂಬ ಸಾಲು, ಕಂಪನಿಯ ಗೋದಾಮಿನಿಂದ ಶೋರೂಂಗೆ ಕಾರು ತರುವ ಖರ್ಚು ಬೆಲೆಯಲ್ಲೇ ಸೇರಿರುವಾಗ, ಯಾವ ಸೇವೆಗೆ ಎಂದು ಕೇಳಿದರೆ ಉತ್ತರ ಸಿಗದ ಬಾಬ್ತು. ನೋಂದಣಿ ಶುಲ್ಕ 600 ರೂಪಾಯಿ ಇರುವ ಕಡೆ 'ಆರ್‌ಟಿಒ ಮತ್ತು ಇತರೆ' ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿದ ಕಾಗದ ಕೈಗೆ ಬರುತ್ತದೆ. ತಾಣ ಮಾಡಬೇಕಾದ ನಿಜವಾದ ಕೆಲಸ ಇಲ್ಲಿದೆ. ಒಂದೊಂದು ಬಾಬ್ತಿಗೂ ಒಂದು ಸಾಲು, ಐಚ್ಛಿಕವಾದದ್ದರ ಮುಂದೆ ಖಾಲಿ ಚೌಕ, ಗ್ರಾಹಕ ಗುರುತು ಹಾಕಿದರಷ್ಟೇ ಮೊತ್ತಕ್ಕೆ ಸೇರ್ಪಡೆ, ಪ್ರತಿಯೊಂದು ಏನೆಂದು ಒಂದು ವಾಕ್ಯದ ವಿವರಣೆ. ಮೂರು ಆಯಾಮದ ಚಿತ್ರಕ್ಕೆ ಬೇಕಾದ ತಂತ್ರಜ್ಞಾನದ ನೂರನೇ ಒಂದು ಪಾಲೂ ಇದಕ್ಕೆ ಬೇಡ.

ಈ ವಾದಕ್ಕೆ ಕಂಪನಿಗಳ ಕಡೆಯಿಂದ ಬರುವ ಗಟ್ಟಿಯಾದ ಆಕ್ಷೇಪ ಬೇರೆ. ಕಾರು ಮಾರುವವರು ನಾವಲ್ಲ, ಡೀಲರ್. ಅವನು ಸ್ವತಂತ್ರ ವ್ಯಾಪಾರಿ. ನಾವು ಅಂತಿಮ ಬೆಲೆ ನಿಗದಿ ಮಾಡಿದರೆ ಸ್ಪರ್ಧಾ ಕಾನೂನೇ ಅಡ್ಡ ಬರುತ್ತದೆ ಎನ್ನುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಡೀಲರುಗಳು ತಮ್ಮಿಚ್ಛೆಯಂತೆ ರಿಯಾಯಿತಿ ಕೊಡದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ಆದರೆ ಆಯೋಗ ತಪ್ಪೆಂದದ್ದು ಯಾವುದನ್ನು? ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಎಂದು ಡೀಲರನನ್ನು ಕಟ್ಟಿಹಾಕುವುದನ್ನು. ಸ್ಪರ್ಧಾ ಕಾಯ್ದೆಯ ಮೂರನೆಯ ಸೆಕ್ಷನ್ನಿನಲ್ಲೇ ಇದಕ್ಕೆ ದಾರಿಯಿದೆ: ತಯಾರಕ ಸೂಚಿಸಿದ ಬೆಲೆಗಿಂತ ಕಡಿಮೆಗೂ ಮಾರಬಹುದು ಎಂದು ಸ್ಪಷ್ಟವಾಗಿ ಹೇಳಿದ್ದರೆ ಅದು ಮರುಮಾರಾಟದ ಬೆಲೆ ಕಟ್ಟುಪಾಡು ಎನಿಸುವುದಿಲ್ಲ. ಹಾಗಾದರೆ 'ಮೈಸೂರಿನಲ್ಲಿ ಈ ಕಾರಿಗೆ ಇದಕ್ಕಿಂತ ಹೆಚ್ಚು ಕೊಡಬೇಕಿಲ್ಲ, ಡೀಲರ್ ಕಡಿಮೆ ಮಾಡಿದರೆ ಅದು ನಿಮ್ಮ ಲಾಭ' ಎಂದು ಬಾಬ್ತುವಾರು ಬರೆಯಲು ಕಾನೂನಿನ ಅಡ್ಡಿ ಕಾಣುವುದಿಲ್ಲ. ಡೀಲರನ ಚೌಕಾಸಿಯ ಸ್ವಾತಂತ್ರ್ಯ ಉಳಿಯುತ್ತದೆ; ಹೋಗುವುದು ಗ್ರಾಹಕನ ಅಜ್ಞಾನದ ಮೇಲೆ ಅವನು ಕಟ್ಟಿಕೊಂಡ ಲಾಭ ಮಾತ್ರ.

ಅಮೆರಿಕದಲ್ಲಿ ಇದೇ ಜಗಳ ಎಪ್ಪತ್ತು ವರ್ಷಗಳ ಹಿಂದೆ ನಡೆದಿತ್ತು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಡೀಲರುಗಳು ಬೆಲೆಯನ್ನು ಬೇಕಾಬಿಟ್ಟಿ ಉಬ್ಬಿಸಿ, ಆಮೇಲೆ ಭಾರಿ ರಿಯಾಯಿತಿ ಕೊಟ್ಟಂತೆ ನಟಿಸುತ್ತಿದ್ದರು. ಓಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದಾಳತ್ವದಲ್ಲಿ 1958ರಲ್ಲಿ ಬಂದ ಕಾನೂನು ತಯಾರಕರಿಗೆ ಒಂದೇ ಒಂದು ಕೆಲಸ ಹೇಳಿತು: ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಚೀಟಿ ಅಂಟಿಸಿ, ಮೂಲ ಬೆಲೆ, ಸೇರಿಸಿದ ಒಂದೊಂದು ಸೌಲಭ್ಯದ ಬೆಲೆ, ಸಾಗಣೆ ಖರ್ಚು, ಒಟ್ಟು ಮೊತ್ತ ಅದರಲ್ಲಿರಲಿ. ಇವತ್ತಿಗೂ ಅಲ್ಲಿ ಅದನ್ನು ಮನ್ರೋನಿ ಸ್ಟಿಕರ್ ಎಂದೇ ಕರೆಯುತ್ತಾರೆ. ಅದು ಸೂಚಿತ ಬೆಲೆಯಷ್ಟೇ. ಡೀಲರ್ ಹೆಚ್ಚಿಗೂ ಮಾರಬಹುದು, ಕಡಿಮೆಗೂ ಮಾರಬಹುದು. ಅಮೆರಿಕದ ಡೀಲರುಗಳ ಚಾಲಾಕಿತನ ಅದರಿಂದ ಪೂರ್ತಿ ಅಳಿಯಲೂ ಇಲ್ಲ, ಡೀಲರ್ ವ್ಯವಸ್ಥೆ ಮುಳುಗಲೂ ಇಲ್ಲ. ಆದರೆ ಮಾತುಕತೆ ಎಲ್ಲಿಂದ ಶುರುವಾಗಬೇಕು ಎಂಬುದು ಇಬ್ಬರ ಕಣ್ಣಿಗೂ ಬೀಳುವಂತಾಯಿತು. ನಮ್ಮಲ್ಲಿ ಗಾಜಿನ ಚೀಟಿಯ ಕೆಲಸವನ್ನು ತಾಣವೇ ಮಾಡಬಹುದು.

ಭಾರತದಲ್ಲೇ ಇನ್ನೂ ಮುಂದೆ ಹೋದ ಉದಾಹರಣೆಯಿದೆ. ಮರ್ಸಿಡಿಸ್ ಬೆಂಜ್ 2021ರ ಅಕ್ಟೋಬರಿನಿಂದ ಇಲ್ಲಿ ದಾಸ್ತಾನನ್ನು ತನ್ನ ಹೆಸರಲ್ಲೇ ಇಟ್ಟುಕೊಂಡು, ದೇಶದಾದ್ಯಂತ ಒಂದೇ ಬೆಲೆಗೆ ನೇರವಾಗಿ ಗ್ರಾಹಕನಿಗೆ ಬಿಲ್ ಮಾಡುತ್ತಿದೆ. ಡೀಲರುಗಳು ಕಮಿಷನ್ ಪಡೆಯುವ ಏಜೆಂಟರಾದರು. 2025ರ ಜುಲೈಯಲ್ಲಿ ಮುಂಬೈಯಲ್ಲಿ ಬಾಗಿಲು ತೆರೆದ ಟೆಸ್ಲಾಗೆ ಡೀಲರುಗಳೇ ಇಲ್ಲ. ಇವೆಲ್ಲ ಶ್ರೀಮಂತರ ಕಾರುಗಳು, ವರ್ಷಕ್ಕೆ ಲಕ್ಷಗಟ್ಟಲೆ ಮಾರುವವರಿಗೆ ಈ ದಾರಿ ಹಿಡಿಸದು ಎಂದರೆ ಒಪ್ಪೋಣ. ನೇರ ಮಾರಾಟವನ್ನು ನಾನು ಕೇಳುತ್ತಲೂ ಇಲ್ಲ. ತಾಂತ್ರಿಕ ಶಕ್ತಿ ಸಾಲದು ಎಂಬ ಮಾತನ್ನು ಮಾತ್ರ ಒಪ್ಪಲಾಗದು. 2022ರ ಜುಲೈ 30ರಂದು ಮಹೀಂದ್ರಾ ತನ್ನ ಸ್ಕಾರ್ಪಿಯೊ-ಎನ್ ಬುಕಿಂಗ್ ತೆರೆದಾಗ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬುಕಿಂಗ್ ಬಂತು ಎಂದು ಹೇಳಿಕೊಂಡಿತು. 2024ರ ಅಕ್ಟೋಬರಿನಲ್ಲಿ ಥಾರ್ ರಾಕ್ಸ್‌ಗೆ ಮೊದಲ ಒಂದು ಗಂಟೆಯಲ್ಲಿ 1,76,218. ನಿಮಿಷಕ್ಕೆ ಸಾವಿರಾರು ಜನರಿಂದ ಮುಂಗಡ ತೆಗೆದುಕೊಳ್ಳಬಲ್ಲ ಉದ್ಯಮಕ್ಕೆ ಒಂದು ಊರಿನ ಒಟ್ಟು ಬೆಲೆ ಕೂಡಿಸಿ ಹೇಳುವುದು ಕಷ್ಟವೆಂದರೆ ನಂಬುವುದು ಹೇಗೆ?

ನಂಬರ್ ಸಿಗದಿದ್ದರೆ ಡೀಲರ್ ಬದುಕುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಲೀಡುಗಳ ಸಂಖ್ಯೆ ಬೀಳುತ್ತದೆ, ಅದರಲ್ಲಿ ಅನುಮಾನ ಬೇಡ. ಈ ಬದಲಾವಣೆ ಮಾಡಿದ ಅಧಿಕಾರಿಯ ಮೊದಲ ಕೆಲವು ತಿಂಗಳ ವರದಿ ಕೆಂಪಾಗಿಯೇ ಇರುತ್ತದೆ. ಆದರೆ ಬೀಳುವುದು ಯಾವ ಲೀಡು? ಬೆಲೆಯನ್ನಷ್ಟೇ ಕೇಳಲು ಬಂದು, ಮನೆಯಲ್ಲಿ ಬಿದ್ದಿರುವ ಎರಡನೇ ಸಿಮ್ಮಿನ ನಂಬರ್ ಕೊಟ್ಟವರದು. ಅಂಥವರಿಗೆ ದಿನವಿಡೀ ಕರೆ ಮಾಡಿ ಬೈಸಿಕೊಳ್ಳುವ ಕೆಲಸ ಶೋರೂಮಿನಲ್ಲಿ ಕಡಿಮೆ ಸಂಬಳದ ಯಾರೋ ಹುಡುಗಿಯ ಪಾಲಿಗೆ ಬಂದಿರುತ್ತದೆ. ಅವಳ ಅನುಭವದ ಸುಧಾರಣೆಯ ಬಗ್ಗೆ ಯಾವ ಸಭೆಯೂ ಚರ್ಚಿಸುವುದಿಲ್ಲ. ಪೂರ್ತಿ ಬೆಲೆ ನೋಡಿ, ಸಾಲದ ಕಂತು ಲೆಕ್ಕ ಹಾಕಿ, ಆಮೇಲೆ ಟೆಸ್ಟ್ ಡ್ರೈವ್ ಬೇಕೆಂದು ತಾನಾಗಿ ನಂಬರ್ ಕೊಡುವವನು ಹತ್ತು ಸುಳ್ಳು ಲೀಡಿಗೆ ಸಮ. ಇನ್ನೊಂದು ಮಾತು: ಬೆಲೆ ಮುಚ್ಚಿಟ್ಟರೆ ಅದು ಮುಚ್ಚಿಯೇನೂ ಇರುವುದಿಲ್ಲ. ಕಾರ್‌ವಾಲೆ, ಕಾರ್‌ದೇಖೋದಂಥ ತಾಣಗಳು ಊರುವಾರು ಆನ್‌ರೋಡ್ ಅಂದಾಜು ಹಾಕಿಯೇ ಬೆಳೆದವು. ತನ್ನ ಕಾರಿನ ಬೆಲೆ ತಿಳಿಯಲು ಗ್ರಾಹಕ ಇನ್ನೊಬ್ಬರ ಅಂಗಳಕ್ಕೆ ಹೋಗುವಂತೆ ಮಾಡಿದ ಕಂಪನಿ, ಅದೇ ಅಂಗಳದಲ್ಲಿ ಪ್ರತಿಸ್ಪರ್ಧಿಯ ಕಾರೂ ಪಕ್ಕದಲ್ಲೇ ನಿಂತಿರುತ್ತದೆ ಎಂಬುದನ್ನು ಮರೆತಿದೆ.

ಕಾರನ್ನು ಯಾರೂ ಮೊಬೈಲಿನಲ್ಲಿ ಕೊಳ್ಳುವುದಿಲ್ಲ, ಬಾಗಿಲು ಹಾಕಿ ಸದ್ದು ಕೇಳಬೇಕು, ಡಿಕ್ಕಿ ತೆಗೆದು ನೋಡಬೇಕು, ಓಡಿಸಬೇಕು ಎನ್ನುವವರಿದ್ದಾರೆ. ಪೂರ್ತಿ ಒಪ್ಪುತ್ತೇನೆ, ಮತ್ತು ನನ್ನ ವಾದಕ್ಕೆ ಅದೇ ಬಲ. ಶೋರೂಮಿನಲ್ಲಿ ನಡೆಯಬೇಕಾದ್ದು ಅದು. ಅದಕ್ಕೆ ಮುಂಚಿನ ಲೆಕ್ಕಾಚಾರ ಮನೆಯಲ್ಲಿ ನಡೆಯುತ್ತದೆ. ಸಿಂಧನೂರಿನವರೋ ಸುರಪುರದವರೋ ತಮಗೆ ಬೇಕಾದ ಬ್ರ್ಯಾಂಡಿನ ಶೋರೂಂಗೆ ರಾಯಚೂರು, ಕಲಬುರಗಿ, ಹುಬ್ಬಳ್ಳಿಗೆ ಹೋಗಬೇಕಾದಾಗ ಒಂದು ದಿನದ ಕೆಲಸ ಕೆಡುತ್ತದೆ. ಹೊರಡುವ ಮುಂಚೆ ಮೊತ್ತ ಗೊತ್ತಿರಬೇಕಾದ್ದು ಅವರಿಗೇ ಹೆಚ್ಚು. ಕಾರು ಒಬ್ಬರ ತೀರ್ಮಾನವೂ ಅಲ್ಲ. ಮಗ ಇಂಗ್ಲಿಷಿನಲ್ಲಿ ಓದಿದ್ದನ್ನು ಹಣ ಹಾಕುವ ಅಪ್ಪ ಕನ್ನಡದಲ್ಲಿ ಓದಬೇಕು, ಸಾಲಕ್ಕೆ ಜಾಮೀನು ನಿಲ್ಲುವ ಮಾವನಿಗೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕು. ದೀಪಾವಳಿಗೆ ಕನ್ನಡ ಪತ್ರಿಕೆಗಳಲ್ಲಿ ಪುಟಗಟ್ಟಲೆ ಕನ್ನಡ ಜಾಹೀರಾತು ಕೊಡುವ ಕಂಪನಿಗಳ ತಾಣದಲ್ಲಿ ಬೆಲೆಯ ಪುಟ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಆಸೆ ಹುಟ್ಟಿಸುವುದು ಕನ್ನಡದಲ್ಲಿ, ಷರತ್ತು ಹೇಳುವುದು ಇಂಗ್ಲಿಷಿನಲ್ಲಿ. ಬೆಲೆಯ ಪುಟ ಹಗುರವಾಗಿಯೂ ಇರಬೇಕು. ತಿರುಗುವ ಕಾರಿನ ಭಾರಿ ಚಿತ್ರ ಇಳಿಯುವವರೆಗೆ ನೆಟ್‌ವರ್ಕ್ ದುರ್ಬಲವಿರುವ ಹಳ್ಳಿಯ ಫೋನಿನಲ್ಲಿ ಮೊತ್ತದ ಜಾಗ ಖಾಲಿ ಇರಬಾರದು.

ಕಾನೂನು ಕೂಡ ನಿಧಾನವಾಗಿ ಇದೇ ಕಡೆ ವಾಲುತ್ತಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ತಾಣಗಳ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಬೆಲೆಯ ಭಾಗಗಳನ್ನು ಮೊದಲೇ ಹೇಳದೆ ಹನಿಹನಿಯಾಗಿ ಬಿಡುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಕಾದ್ದನ್ನು ಪಡೆಯಲು ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿ ಕೊಡುವಂತೆ ಒತ್ತಾಯಿಸುವುದು ಮೂರೂ ಆ ಪಟ್ಟಿಯಲ್ಲಿವೆ. ಬೆಲೆ ಕೇಳುವುದೇ ಖರೀದಿಯಲ್ಲವಲ್ಲ ಎಂದು ವಕೀಲರು ವಾದಿಸಬಹುದು. ಅಕ್ಷರಕ್ಕೆ ಅಂಟಿಕೊಂಡರೆ ಅವರು ಗೆದ್ದರೂ ಗೆಲ್ಲಬಹುದು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಯಷ್ಟಕ್ಕೇ ಒಪ್ಪಿಗೆ ಸಲ್ಲುತ್ತದೆ ಎನ್ನುತ್ತದೆ ಅದು. ಬೆಲೆ ತೋರಿಸಲು ಊರಿನ ಹೆಸರು ಬೇಕು, ಫೋನ್ ನಂಬರ್ ಯಾವ ಲೆಕ್ಕಕ್ಕೆ ಬೇಕು? ಮಾಹಿತಿ ಕೇಳುವಾಗ ಕೊಡಬೇಕಾದ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆಯನ್ನೂ ಈ ಕಾಯ್ದೆ ಗ್ರಾಹಕನಿಗೆ ಕೊಟ್ಟಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಹೀಗೇ ಮುಂದುವರಿದರೆ ನಂಬರ್ ಕೇಳುವ ಸೂಚನೆ ಅಚ್ಚಗನ್ನಡದಲ್ಲಿದ್ದು, ಅದನ್ನು ಕೊಟ್ಟ ಮೇಲೆ ಬರುವ ಬೆಲೆ ಇಂಗ್ಲಿಷಿನಲ್ಲಿರುವ ತಮಾಷೆಯನ್ನೂ ನೋಡಬೇಕಾದೀತು.

ಕಹಿ ಸಂಗತಿಯನ್ನು ತಾಣದಲ್ಲೇ ಹೇಳಿದರೆ ಗ್ರಾಹಕ ಓಡಿಹೋಗುತ್ತಾನೆ ಎಂಬ ಭಯ ಈ ಎಲ್ಲ ಆಕ್ಷೇಪಗಳ ಅಡಿಯಲ್ಲಿದೆ. ಅದನ್ನು ಮೀರಿದ ಉದಾಹರಣೆಗಳೂ ಇವೆ. ಟಾಟಾ ಮೋಟರ್ಸ್ ತನ್ನ ವಿದ್ಯುತ್ ಕಾರುಗಳಿಗೆ ಪರೀಕ್ಷಾಲಯದ ಅಂಕಿಯ ಜೊತೆಗೆ ರಸ್ತೆಯ ಮೇಲೆ ಸಾಮಾನ್ಯ ಚಾಲಕನಿಗೆ ಸಿಗಬಹುದಾದ ದೂರವನ್ನೂ ಹೇಳತೊಡಗಿತು. ನೆಕ್ಸಾನ್ ಇವಿಯ 45 ಕಿಲೊವ್ಯಾಟ್-ಗಂಟೆ ಬ್ಯಾಟರಿಗೆ ಒಂದು ಅಂಕಿ 489 ಕಿಲೋಮೀಟರ್, ಇನ್ನೊಂದು 350ರ ಆಸುಪಾಸು. ಬಿಡದಿಯಲ್ಲಿ ಕಾರು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ 2023ರ ಏಪ್ರಿಲಿನಲ್ಲಿ ಇನ್ನೋವಾ ಹೈಕ್ರಾಸಿನ ಮೇಲ್ದರ್ಜೆಯ ವೇರಿಯಂಟುಗಳಿಗೆ ಬುಕಿಂಗನ್ನೇ ನಿಲ್ಲಿಸುತ್ತೇವೆ, ಪೂರೈಸಲಾಗುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿತು. ಬೆಲೆಯ ಪಕ್ಕದಲ್ಲೇ ಈ ವೇರಿಯಂಟಿಗೆ ಈ ಊರಿನಲ್ಲಿ ಇಷ್ಟು ವಾರ ಕಾಯಬೇಕು ಎಂಬ ಸಾಲು ಬರಲು ಬೇಕಾದ ಮಾಹಿತಿ ಕಂಪನಿಗಳ ಬಳಿ ಪ್ರತಿದಿನ ಇರುತ್ತದೆ.

ಬದಲಾಗಬೇಕಾದ್ದು ಕೊನೆಗೂ ಅಳತೆಗೋಲು. ಲೀಡುಗಳನ್ನು ಎಣಿಸುವ ಜಾಗದಲ್ಲಿ ಬೇರೊಂದು ಅಂಕಿಯನ್ನು ತಿಂಗಳ ವರದಿಯ ಮೊದಲ ಸಾಲಿಗೆ ತರಬಹುದು: ತಾಣ ತೋರಿಸಿದ ಮೊತ್ತಕ್ಕೂ ಡೆಲಿವರಿಯ ದಿನ ಗ್ರಾಹಕ ನಿಜವಾಗಿ ಕೊಟ್ಟ ಮೊತ್ತಕ್ಕೂ ಅಂತರ ಎಷ್ಟು. ಇದನ್ನು ಪಡೆಯಲು ಸಮೀಕ್ಷೆ ಬೇಡ, ಸಲಹೆಗಾರರೂ ಬೇಡ. ಡೀಲರುಗಳು ಬಿಲ್ ಮಾಡುವ ತಂತ್ರಾಂಶ ಹೆಚ್ಚಾಗಿ ಕಂಪನಿ ಕೊಟ್ಟದ್ದೇ, ಜೀವಾವಧಿ ತೆರಿಗೆ ಎಷ್ಟು ಕಟ್ಟಲಾಯಿತು ಎಂಬುದು ವಾಹನ್ ದಾಖಲೆಯಲ್ಲಿರುತ್ತದೆ. ಅಂತರ ದೊಡ್ಡದಾದ ಊರು ಯಾವುದು, ಯಾವ ಬಾಬ್ತಿನಲ್ಲಿ ಹಿಗ್ಗಿತು ಎಂದು ಮೊದಲ ತಿಂಗಳೇ ಕಾಣುತ್ತದೆ. ಹ್ಯಾಂಡ್ಲಿಂಗ್ ಚಾರ್ಜಿನ ಸಾಲಿನಲ್ಲಾದರೆ ಕರೆ ಹೋಗಬೇಕಾದ್ದು ಗ್ರಾಹಕನಿಗಲ್ಲ, ಡೀಲರ್‌ಗೆ.